ಒಡೆಯುವ ಗಾಜಿಗೆ ಕಿವಿಗೊಟ್ಟ ಯಂತ್ರ

ಶೂದ್ರಕನ ‘ಮೃಚ್ಛಕಟಿಕ’ದ ಮೂರನೆಯ ಅಂಕದಲ್ಲಿ ಶರ್ವಿಲಕ ಚಾರುದತ್ತನ ಮನೆಗೆ ಕನ್ನ ಹಾಕುತ್ತಾನೆ. ಅಳತೆಯ ದಾರ ತರಲು ಮರೆತಿದ್ದಾನೆ, ಹಾಗಾಗಿ ಜನಿವಾರದಿಂದಲೇ ಗೋಡೆಯನ್ನು ಅಳೆಯುತ್ತಾನೆ. ಕನ್ನ ಯಾವ ಆಕಾರದಲ್ಲಿರಬೇಕು, ಕಮಲದಂತೆಯೋ ಅರ್ಧಚಂದ್ರನಂತೆಯೋ ಕುಂಭದಂತೆಯೋ ಎಂದು ಕಲಾವಿದನ ಹಾಗೆ ಯೋಚಿಸುತ್ತಾನೆ. ಒಳಹೊಕ್ಕ ಮೇಲೆ ಮಾತ್ರ ಅವನ ಗಮನವೆಲ್ಲ ಸದ್ದಿನ ಕಡೆಗೆ. ಮನೆ ಹಳೆಯದು, ಬಾಗಿಲು ಕಿರುಗುಟ್ಟುತ್ತದೆ. ಅದನ್ನು ಸುಮ್ಮನಾಗಿಸಲು ನೀರು ಹುಡುಕಿ ಚಿಮುಕಿಸುತ್ತಾನೆ. ಆ ನೀರು ನೆಲಕ್ಕೆ ಬಿದ್ದು ಸದ್ದು ಮಾಡೀತೆಂದು ಮತ್ತೆ ಹೆದರುತ್ತಾನೆ. ಮಲಗಿದವರು ನಿಜವಾಗಿ ನಿದ್ದೆಹೋಗಿದ್ದಾರೋ ನಟಿಸುತ್ತಿದ್ದಾರೋ ಎಂದು ಪರೀಕ್ಷಿಸುತ್ತಾನೆ.

ಮನೆಗಳ್ಳತನದ ಇತಿಹಾಸದ ಒಂದು ಸತ್ಯ ಈ ದೃಶ್ಯದಲ್ಲಿದೆ. ಮನೆಯನ್ನು ಕಾಯುವುದು ಗೋಡೆ, ಬಾಗಿಲುಗಳಷ್ಟೇ ಅಲ್ಲ. ಅವು ಮಾಡುವ ಸದ್ದು, ಆ ಸದ್ದಿಗೆ ಏಳುವ ಮನುಷ್ಯ ಕೂಡ. ಗೋಡೆ ಒಡೆಯಬಹುದು, ಬಾಗಿಲು ಮೀಟಬಹುದು. ಕೇಳಿಸಿಕೊಳ್ಳುವ ಕಿವಿಯನ್ನು ದಾಟುವುದೇ ಕಷ್ಟ.

ಕನ್ನಡದಲ್ಲಿ ಈಗಲೂ ‘ಕನ್ನ ಹಾಕು’ ಎಂದರೆ ಮನೆಗಳ್ಳತನ. ಕಿಟಕಿಯ ಗಾಜು ಒಡೆದು ಬಂದವನೂ, ಬ್ಯಾಂಕಿನ ಖಾತೆಯೊಳಗೆ ಕಂಪ್ಯೂಟರಿನಿಂದ ನುಗ್ಗಿದವನೂ ಪತ್ರಿಕೆಯ ವರದಿಯಲ್ಲಿ ಕನ್ನವನ್ನೇ ಹಾಕುತ್ತಾರೆ. ಮಣ್ಣಿನ ಗೋಡೆ, ಸಣ್ಣ ಬೆಳಕಿಂಡಿ, ಕಬ್ಬಿಣದ ಸರಳು ಇದ್ದ ನಾಡಿನಲ್ಲಿ ಗೋಡೆಯೇ ದುರ್ಬಲ ಜಾಗವಾಗಿತ್ತು. 1860ರ ಭಾರತೀಯ ದಂಡ ಸಂಹಿತೆ 445ನೇ ಕಲಮಿನಲ್ಲಿ ಮನೆ ಒಡೆಯುವುದು ಎಂದರೇನು ಎಂದು ವಿವರಿಸುವಾಗ ಕೊಟ್ಟ ಮೊದಲ ಉದಾಹರಣೆ ಗೋಡೆಗೆ ತೂತು ಕೊರೆದು ಕೈ ಹಾಕುವ ಕಳ್ಳನದು. ಕಿಟಕಿಯಿಂದ ನುಗ್ಗುವವನು ಬರುವುದು ಆಮೇಲೆ.

ಅದೇ ವರ್ಷಗಳಲ್ಲಿ ಅಮೆರಿಕದ ಬಾಸ್ಟನ್ ನಗರದ ಸುತ್ತಮುತ್ತ ಇನ್ನೊಂದು ಬಗೆಯ ಮನೆಗಾವಲು ಹುಟ್ಟುತ್ತಿತ್ತು. ಅಲ್ಲಿ ದುರ್ಬಲ ಜಾಗ ಗೋಡೆಯಲ್ಲ, ಕಿಟಕಿ.

ಪಾದ್ರಿಯ ಗಂಟೆ

1852ರಲ್ಲಿ ಬಾಸ್ಟನ್ ನಗರ ಬೆಂಕಿ ಬಿದ್ದಾಗ ತಂತಿಯ ಮೂಲಕ ಸುದ್ದಿ ಮುಟ್ಟಿಸುವ ವ್ಯವಸ್ಥೆಯನ್ನು ಆರಂಭಿಸಿತು. ಟೆಲಿಗ್ರಾಫ್ ತಂತಿ ಸಂದೇಶವನ್ನಷ್ಟೇ ಅಲ್ಲ, ಎಚ್ಚರಿಕೆಯನ್ನೂ ಒಯ್ಯಬಲ್ಲದು ಎಂಬುದು ಆ ಊರಿನ ಜನರ ಕಣ್ಣಿಗೆ ಬಿತ್ತು. ಮರುವರ್ಷ, 1853ರ ಜೂನ್ 21ರಂದು, ನೆರೆಯ ಸಾಮರ್‌ವಿಲ್ ಊರಿನ ಪಾದ್ರಿ ಆಗಸ್ಟಸ್ ರಸೆಲ್ ಪೋಪ್ ವಿದ್ಯುತ್ ಕಾಂತದಿಂದ ನಡೆಯುವ ಕಳ್ಳರ ಗಂಟೆಗೆ ಪೇಟೆಂಟ್ ಪಡೆದರು. ಬಾಗಿಲು, ಕಿಟಕಿಗಳ ಚೌಕಟ್ಟಿಗೆ ಲೋಹದ ತುಂಡುಗಳು, ಅವುಗಳಿಂದ ತಂತಿ, ತಂತಿಯ ತುದಿಗೆ ಬ್ಯಾಟರಿ, ವಿದ್ಯುತ್ ಕಾಂತ ಮತ್ತು ಗಂಟೆ. ಯಾರಾದರೂ ಕಿಟಕಿ ತೆರೆದರೆ ಲೋಹಕ್ಕೆ ಲೋಹ ತಾಗಿ ವಿದ್ಯುತ್ ಹರಿಯುತ್ತದೆ, ಕಾಂತ ಸುತ್ತಿಗೆಯನ್ನು ಎಳೆಯುತ್ತದೆ, ಗಂಟೆ ಬಾರಿಸುತ್ತದೆ. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬರಲು ಇನ್ನೂ 52 ವರ್ಷ ಬಾಕಿಯಿತ್ತು. ವಿದ್ಯುತ್ತು ಮನೆ ಬೆಳಗುವುದಕ್ಕೂ ಮೊದಲು ಮನೆ ಕಾಯಲು ಬಂದಿತ್ತು.

ಪೋಪ್ 1858ರಲ್ಲಿ ತೀರಿಕೊಂಡರು. ಅದಕ್ಕೂ ಮೊದಲೇ, 1857ರಲ್ಲಿ, ಈ ಪೇಟೆಂಟಿನ ಹಕ್ಕನ್ನು ಬಾಸ್ಟನ್ನಿನ ವ್ಯಾಪಾರಿ ಎಡ್ವಿನ್ ಹೋಮ್ಸ್ ಕೊಂಡಿದ್ದರು. ಹೋಮ್ಸ್ ಎಂಜಿನಿಯರ್ ಅಲ್ಲ. ಆದರೆ ಒಂದು ವಸ್ತುವನ್ನು ಜನ ನಂಬುವಂತೆ ಮಾಡುವುದು ಹೇಗೆಂದು ಬಲ್ಲವರು. 1859ರಲ್ಲಿ ಅವರು ನ್ಯೂಯಾರ್ಕಿಗೆ ಹೋದರು. ಅಲ್ಲಿನ ಸಿರಿವಂತರ ಮನೆಗಳಿಗೆ, ಆಮೇಲೆ ಬ್ಯಾಂಕು, ಆಭರಣದ ಅಂಗಡಿಗಳಿಗೆ ತಂತಿ ಎಳೆದರು. ಮನೆಯೊಳಗಿನ ಗಂಟೆ ಬಾರಿಸಿದರೆ ಮನೆಯವನೇ ಏಳಬೇಕು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಅದು ಯಾರಿಗೂ ಕೇಳದ ಗಂಟೆ. ಆ ತಂತಿಗಳನ್ನೆಲ್ಲ ಒಂದು ಕೇಂದ್ರಕ್ಕೆ ಸೇರಿಸಿ, ಅಲ್ಲಿ ರಾತ್ರಿಯಿಡೀ ಎಚ್ಚರವಿರುವ ಮನುಷ್ಯನನ್ನು ಕೂರಿಸುವ ಪದ್ಧತಿ ಹೀಗೆ ಬೆಳೆಯಿತು. 1874ರಲ್ಲಿ ಹಲವು ಸ್ಥಳೀಯ ತಂತಿ ಕಂಪನಿಗಳು ಸೇರಿ ಆದ ಅಮೆರಿಕನ್ ಡಿಸ್ಟ್ರಿಕ್ಟ್ ಟೆಲಿಗ್ರಾಫ್ ಇಂದಿಗೂ ಎಡಿಟಿ ಎಂಬ ಹೆಸರಿನಲ್ಲಿ ಇದೇ ಕೆಲಸ ಮಾಡುತ್ತಿದೆ.

ಈ ತಂತಿಗಳಿಗೆ ಇನ್ನೊಂದು ಯೋಗವೂ ಇತ್ತು. 1877ರ ಮೇ ತಿಂಗಳಿನಲ್ಲಿ ಹೋಮ್ಸ್ ಅವರ ಮಗ ಬಾಸ್ಟನ್ನಿನ ವಾಷಿಂಗ್ಟನ್ ಬೀದಿಯ ತಮ್ಮ ಕಚೇರಿಯಲ್ಲಿ, ಬ್ಯಾಂಕುಗಳಿಗೆ ಹೋಗುತ್ತಿದ್ದ ಕಳ್ಳರ ಗಂಟೆಯ ತಂತಿಗಳಿಗೇ ಗ್ರಹಾಂ ಬೆಲ್‌ನ ಹೊಸ ಯಂತ್ರವನ್ನು ಜೋಡಿಸಿದರು. ಹಗಲು ಅದೇ ತಂತಿಯಲ್ಲಿ ಮಾತು, ರಾತ್ರಿ ಕಾವಲು. ಟೆಲಿಫೋನ್ ವಿನಿಮಯ ಕೇಂದ್ರಗಳ ಮೊದಲ ಮಾದರಿಗಳಲ್ಲಿ ಅದೊಂದು.

ಮೌನಕ್ಕೆ ಎರಡು ಅರ್ಥ

ಪೋಪ್ ಅವರ ಗಂಟೆಯಲ್ಲಿ ಎರಡು ದೋಷಗಳಿದ್ದವು. ಮುಂದಿನ ನೂರೈವತ್ತು ವರ್ಷಗಳ ಕಥೆಯೆಲ್ಲ ಆ ದೋಷಗಳ ಜೊತೆಗಿನ ಗುದ್ದಾಟವೇ.

ಮೊದಲನೆಯದು, ಅದರ ತಂತಿಯಲ್ಲಿ ಸಾಮಾನ್ಯವಾಗಿ ವಿದ್ಯುತ್ ಹರಿಯುತ್ತಿರಲಿಲ್ಲ; ಕಿಟಕಿ ತೆರೆದಾಗ ಮಾತ್ರ ಹರಿಯುತ್ತಿತ್ತು. ಹಾಗಾಗಿ ಗಂಟೆ ಸುಮ್ಮನಿದೆ ಎಂದರೆ ಎರಡು ಅರ್ಥ ಸಾಧ್ಯ. ಕಳ್ಳ ಬಂದಿಲ್ಲ ಎಂಬುದು ಒಂದು. ತಂತಿ ತುಂಡಾಗಿದೆ, ಬ್ಯಾಟರಿ ಸತ್ತಿದೆ, ಇಲಿ ಕಡಿದಿದೆ, ಇಲ್ಲವೇ ಕಳ್ಳನೇ ಕತ್ತರಿಸಿದ್ದಾನೆ ಎಂಬುದು ಇನ್ನೊಂದು. ಮನೆಯೊಡೆಯನಿಗೆ ಎರಡೂ ಒಂದೇ ಬಗೆಯ ಮೌನವಾಗಿ ಕೇಳಿಸುತ್ತವೆ.

ಎರಡನೆಯದು, ಆ ಗಂಟೆ ಕಾಯುತ್ತಿದ್ದದ್ದು ಕಿಟಕಿಯ ಚೌಕಟ್ಟನ್ನು, ಗಾಜನ್ನಲ್ಲ. ಕದ ತೆರೆಯದೆ ಗಾಜನ್ನಷ್ಟೇ ಒಡೆದು ನುಸುಳಿದವನ ಬಗ್ಗೆ ಅದಕ್ಕೆ ಏನೂ ಗೊತ್ತಾಗುತ್ತಿರಲಿಲ್ಲ.

ಈ ಎರಡನೆಯ ದೋಷ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತ ಹೋಯಿತು, ಏಕೆಂದರೆ ಗಾಜೇ ದೊಡ್ಡದಾಗುತ್ತಿತ್ತು. ಇಂಗ್ಲೆಂಡಿನಲ್ಲಿ 1696ರಿಂದ ಕಿಟಕಿಗಳನ್ನು ಎಣಿಸಿ ತೆರಿಗೆ ಹಾಕುತ್ತಿದ್ದರು. ತೆರಿಗೆ ತಪ್ಪಿಸಲು ಜನ ಕಿಟಕಿಗೆ ಇಟ್ಟಿಗೆ ಕಟ್ಟಿ ಮುಚ್ಚಿದರು. 1845ರಲ್ಲಿ ಗಾಜಿನ ಮೇಲಿನ ಸುಂಕ ಹೋಯಿತು, 1851ರಲ್ಲಿ ಕಿಟಕಿ ತೆರಿಗೆಯೂ ಹೋಯಿತು. ಅದೇ 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಗಾಜಿನ ಅರಮನೆಯನ್ನೇ ನಿಲ್ಲಿಸಿದರು. ಅಮೆರಿಕದಲ್ಲಿ 1883ರಲ್ಲಿ ಪಿಟ್ಸ್‌ಬರ್ಗ್ ಪ್ಲೇಟ್ ಗ್ಲಾಸ್ ಕಂಪನಿ ಹುಟ್ಟಿದ ಮೇಲೆ ಅಂಗಡಿಯ ಮುಂಭಾಗಕ್ಕೆಲ್ಲ ಒಂದೇ ಹಾಳೆಯ ಗಾಜು ಹಾಕುವುದು ರೂಢಿಯಾಯಿತು. ಆಭರಣದಂಗಡಿಯ ಒಡೆಯ ಸರಕನ್ನು ಬೀದಿಗೆ ಕಾಣುವಂತೆ ಇಡಬೇಕು, ಬೀದಿಗೆ ಸಿಗದಂತೆಯೂ ಇಡಬೇಕು. ಆ ಎರಡರ ನಡುವೆ ಇದ್ದದ್ದು ಕೆಲವು ಮಿಲಿಮೀಟರ್ ಗಾಜು.

ಇದಕ್ಕೆ ಸಿಕ್ಕ ಉತ್ತರ ಅತಿ ಸರಳವಾಗಿತ್ತು. ಸೀಸದ ತೆಳುವಾದ, ಬೆರಳಿಗಿಂತ ಕಿರಿದಾದ ಪಟ್ಟಿಯನ್ನು ಗಾಜಿನ ಒಳಮೈಗೆ ಅಂಚಿನುದ್ದಕ್ಕೂ ಅಂಟಿಸಿ, ಮೇಲೆ ವಾರ್ನಿಷ್ ಬಳಿದು, ಅದರ ಮೂಲಕ ಸದಾ ಸಣ್ಣ ಪ್ರಮಾಣದ ವಿದ್ಯುತ್ ಹರಿಸುವುದು. ಗಾಜು ಒಡೆದರೆ ಪಟ್ಟಿ ಹರಿಯುತ್ತದೆ, ಹರಿವು ನಿಲ್ಲುತ್ತದೆ, ನಿಂತ ಕ್ಷಣವೇ ಗಂಟೆ ಬಾರಿಸುತ್ತದೆ. 20ನೇ ಶತಮಾನದ ಬಹುಭಾಗ ಅಮೆರಿಕ, ಯುರೋಪುಗಳ ಅಂಗಡಿಗಳ ಗಾಜಿನಲ್ಲಿ ಕಾಣುತ್ತಿದ್ದ ಬೆಳ್ಳಿಯ ಗೆರೆ ಇದೇ.

ಇಲ್ಲಿ ಪೋಪ್ ಅವರ ತರ್ಕ ತಲೆಕೆಳಗಾಗಿತ್ತು. ವಿದ್ಯುತ್ ಹರಿದರೆ ಗಂಟೆ ಎಂಬುದು ಹೋಗಿ, ಹರಿವು ನಿಂತರೆ ಗಂಟೆ ಎಂದಾಯಿತು. ತಂತಿ ಕತ್ತರಿಸಿದರೂ ಗಂಟೆ, ಬ್ಯಾಟರಿ ಸತ್ತರೂ ಗಂಟೆ, ಗಾಜು ಒಡೆದರೂ ಗಂಟೆ. ಮೌನಕ್ಕೆ ಈಗ ಒಂದೇ ಅರ್ಥ: ಪಟ್ಟಿ ಇಡಿಯಾಗಿದೆ, ತಂತಿ ಇಡಿಯಾಗಿದೆ. ಪ್ರತಿ ಕ್ಷಣವೂ ಆ ವಿದ್ಯುತ್ತೇ ತನ್ನನ್ನು ತಾನು ಪರೀಕ್ಷಿಸಿಕೊಳ್ಳುತ್ತಿತ್ತು. ಬೇರೆ ಪರೀಕ್ಷೆ ಹೆಚ್ಚು ಬೇಕಿರಲಿಲ್ಲ.

ಆದರೆ ಪಟ್ಟಿಗೆ ತನ್ನದೇ ಕಷ್ಟಗಳಿದ್ದವು. ಅಂಟಿಸುವ ಮೊದಲು ಗಾಜಿನ ಮೇಲೆ ಒಂದು ಬೆರಳಿನ ಗುರುತೂ ಇರಬಾರದು. ಮೂಲೆಯಲ್ಲಿ ಮಡಿಸುವಾಗ ಪಟ್ಟಿ ಸೀಳಬಾರದು. ಕಿಟಕಿ ತೊಳೆಯುವವನ ಬಟ್ಟೆ, ಮಕ್ಕಳ ಉಗುರು, ಗಾಜಿನ ಮೇಲೆ ಇಳಿದ ತೇವ, ಯಾವುದರಿಂದಲಾದರೂ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ನಡುರಾತ್ರಿ ಗಂಟೆ. ಅಂಗಡಿಗೆ ಅದು ಒಪ್ಪುತ್ತಿತ್ತು; ಕಳ್ಳನಿಗೆ ಕಾಣುವ ಎಚ್ಚರಿಕೆಯೂ ಆಗಿತ್ತು. ಮನೆಯ ನಡುಕೋಣೆಯ ಕಿಟಕಿಗೆ ಸೀಸದ ಗೆರೆ ಯಾರಿಗೂ ಬೇಕಿರಲಿಲ್ಲ.

ಮನೆಗೇ ಗಾಜಿನ ಗೋಡೆ

ಎರಡನೆಯ ಮಹಾಯುದ್ಧದ ನಂತರ ಮನೆಯ ಕಿಟಕಿಯೂ ಅಂಗಡಿಯ ಕಿಟಕಿಯಂತೆ ಅಗಲವಾಗತೊಡಗಿತು. ಇಂಗ್ಲೆಂಡಿನ ಅಲಸ್ಟೇರ್ ಪಿಲ್ಕಿಂಗ್‌ಟನ್ ಕರಗಿದ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ಹಾಳೆ ಮಾಡುವ ವಿಧಾನವನ್ನು ರೂಪಿಸಿದರು. ಅದು ಜಗತ್ತಿಗೆ ಪ್ರಕಟವಾದದ್ದು 1959ರಲ್ಲಿ. ಎರಡೂ ಮೈ ನುಣುಪಾದ, ಉಜ್ಜಿ ಹೊಳಪು ಕೊಡಬೇಕಿಲ್ಲದ ಗಾಜು ಅಗ್ಗವಾಗಿ ಸಿಗತೊಡಗಿತು. ಅಂಗಳಕ್ಕೆ ತೆರೆದುಕೊಳ್ಳುವ ಜಾರುಬಾಗಿಲು, ಗೋಡೆಯಗಲದ ಕಿಟಕಿ ಮಧ್ಯಮ ವರ್ಗದ ಮನೆಗೂ ಬಂದವು.

ಮನೆಯಲ್ಲಿ ಒಂಟಿಯಾಗಿರುವವರ ಭಯವೂ ಹೊಸ ಯಂತ್ರಗಳಿಗೆ ಕಾರಣವಾಯಿತು. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ನರ್ಸ್ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಹೊತ್ತಲ್ಲದ ಹೊತ್ತಿನಲ್ಲಿ ಕೆಲಸ ಮುಗಿಸಿ ಬರುತ್ತಿದ್ದರು. ಕರೆದರೆ ಪೊಲೀಸರು ಬೇಗ ಬರುತ್ತಿರಲಿಲ್ಲ. ಎಲೆಕ್ಟ್ರಾನಿಕ್ಸ್ ಬಲ್ಲ ಪತಿಯ ಜೊತೆ ಸೇರಿ, ಬಾಗಿಲಾಚೆ ಇರುವವರನ್ನು ಕ್ಯಾಮೆರಾದಲ್ಲಿ ನೋಡಿ, ಮಾತಾಡಿಸಿ, ಬೇಕಾದರೆ ಗುಂಡಿ ಒತ್ತಿ ಸಹಾಯ ಕರೆಯುವ ವ್ಯವಸ್ಥೆಯನ್ನು ಅವರು ರೂಪಿಸಿದರು. 1966ರಲ್ಲಿ ಅರ್ಜಿ ಹಾಕಿದ ಅದಕ್ಕೆ 1969ರ ಡಿಸೆಂಬರಿನಲ್ಲಿ ಪೇಟೆಂಟ್ ಸಿಕ್ಕಿತು. ಹೋಮ್ಸ್ ಕಾಲದ ಗಿರಾಕಿ ಸಿರಿವಂತ. ಬ್ರೌನ್ ದಂಪತಿ ದುಡಿದು ತಿನ್ನುವ ಕಪ್ಪು ಜನಾಂಗದವರು. ಮನೆಗಾವಲು ಯಾರ ಅಗತ್ಯ ಎಂಬ ಪ್ರಶ್ನೆಗೆ ಉತ್ತರ ಬದಲಾಗಿತ್ತು.

ಬಾಗಿಲಿಗೆ ಕಣ್ಣು ಬಂತು. ಗಾಜಿಗೆ? ಮೊದಲು ಬಂದದ್ದು ಗಾಜಿಗೇ ಅಂಟಿಸುವ ಗುಂಡಿಗಳು. ಕೆಲವದರಲ್ಲಿ ಸಣ್ಣ ತೂಕವೊಂದು ಅಲುಗಾಡಿ ಸಂಪರ್ಕ ತಪ್ಪಿಸುತ್ತಿತ್ತು. ಕೆಲವದರಲ್ಲಿ ಒತ್ತಡ ಬಿದ್ದರೆ ವಿದ್ಯುತ್ ಹುಟ್ಟಿಸುವ ಹರಳಿತ್ತು. ಆ ಗುಣವನ್ನು ಪಿಯರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ ಕ್ಯೂರಿ 1880ರಲ್ಲೇ ಕಂಡುಹಿಡಿದಿದ್ದರು. ಇವು ಗಾಜಿನ ನಡುಕವನ್ನು ಚೆನ್ನಾಗಿ ಗ್ರಹಿಸುತ್ತಿದ್ದವು. ಆದರೆ ಒಂದೊಂದು ಹಾಳೆ ಗಾಜಿಗೂ ಒಂದೊಂದು ಬೇಕು. ಎಂಟು ಗಾಜಿನ ಕಿಟಕಿಗೆ ಎಂಟು ಗುಂಡಿ, ಎಂಟು ತಂತಿ. ತಿರುಪನ್ನು ಸ್ವಲ್ಪ ಬಿಗಿ ಮಾಡಿದರೆ ಒಡೆದರೂ ಸುಮ್ಮನಿರುತ್ತದೆ. ಸ್ವಲ್ಪ ಸಡಿಲ ಮಾಡಿದರೆ ಲಾರಿ ಹೋದರೂ ಗುಡುಗಿದರೂ ಕೂಗುತ್ತದೆ.

ಒಂದು ಕೋಣೆಯ ಗಾಜುಗಳಿಗೆಲ್ಲ ಒಂದೇ ಕಿವಿ ಇದ್ದರೆ? ಆ ಕಿವಿಯನ್ನು ಸಾಧ್ಯ ಮಾಡಿದ್ದು ಬೆಲ್ ಲ್ಯಾಬ್ಸ್. 1962ರಲ್ಲಿ ಅಲ್ಲಿನ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಎಲೆಕ್ಟ್ರೆಟ್ ಮೈಕ್ರೊಫೋನನ್ನು ರೂಪಿಸಿದರು. ಅದರ ಹೃದಯ ಲೋಹ ಲೇಪಿಸಿದ ತೆಳುವಾದ ಪ್ಲಾಸ್ಟಿಕ್ ಹಾಳೆ; ಅದರಲ್ಲಿ ವಿದ್ಯುದಂಶ ಶಾಶ್ವತವಾಗಿ ನೆಲೆಸಿರುತ್ತದೆ. ಹಾಳೆ ಸದ್ದಿಗೆ ನಡುಗಿದರೆ ಆ ನಡುಕವೇ ವಿದ್ಯುತ್ತಾಗುತ್ತದೆ. ಬಟಾಣಿ ಕಾಳಿನಷ್ಟು ಚಿಕ್ಕದು, ಅಗ್ಗ, ಕಡಿಮೆ ವಿದ್ಯುತ್ ಸಾಕು. ಮುಂದೆ ಇದು ಟೆಲಿಫೋನಿಗೂ ಟೇಪ್ ರೆಕಾರ್ಡರಿಗೂ ಹೋದಂತೆ ಮನೆಗಾವಲಿಗೂ ಬಂತು. ಒಂದು ಕಾಲದಲ್ಲಿ ಗಾಜಿನ ಮೇಲೆ ಅಂಟಿಕೊಂಡಿದ್ದ ಲೋಹದ ತೆಳುಪದರ ಈಗ ಗಾಜಿನಿಂದ ಹಲವು ಮೀಟರ್ ದೂರದಲ್ಲಿ, ಒಂದು ಪುಟ್ಟ ಡಬ್ಬಿಯೊಳಗೆ ಕುಳಿತು ಕೇಳತೊಡಗಿತು.

ಒಡೆಯುವ ಗಾಜು ಏನು ಹೇಳುತ್ತದೆ

ಗಾಜು ಒಡೆದ ಸದ್ದನ್ನು ಮನುಷ್ಯನ ಕಿವಿ ತಪ್ಪದೆ ಗುರುತಿಸುತ್ತದೆ. ಯಂತ್ರಕ್ಕೆ ಅದನ್ನು ಕಲಿಸಲು ಹೋದಾಗ, ಆ ಸದ್ದು ಒಂದಲ್ಲ ಎರಡು ಎಂಬುದು ಎದುರಾಯಿತು.

ಕಲ್ಲು ತಾಗಿದ ಕೂಡಲೇ ಗಾಜು ಒಡೆಯುವುದಿಲ್ಲ, ಮೊದಲು ಬಾಗುತ್ತದೆ. ಗಟ್ಟಿ ವಸ್ತುವೆಂದು ಕಂಡರೂ ಅದಕ್ಕೆ ಒಂದಿಷ್ಟು ಬಳುಕಿದೆ. ಹಾಳೆ ಒಳಕ್ಕೆ ಬಾಗಿದಾಗ ಕೋಣೆಯ ಗಾಳಿಯನ್ನು ನಗಾರಿಯ ಚರ್ಮದಂತೆ ನೂಕುತ್ತದೆ. ಇದು ಕಿವಿಗಿಂತ ಎದೆಗೆ ಹೆಚ್ಚು ತಿಳಿಯುವ, ಕೆಲವು ನೂರು ಹರ್ಟ್ಸ್‌ಗಿಂತ ಕೆಳಗಿನ ‘ಧಪ್’ ಎಂಬ ಸದ್ದು. ತಾಳಿಕೊಳ್ಳುವ ಮಿತಿ ಮೀರಿದಾಗ ಬಿರುಕು ಹುಟ್ಟಿ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಓಡುತ್ತದೆ. ಗಾಳಿಯಲ್ಲಿ ಸದ್ದು ಓಡುವ ವೇಗದ ನಾಲ್ಕು ಪಟ್ಟಿಗಿಂತ ಇದು ಹೆಚ್ಚು. ಆಗ ಹೊಮ್ಮುವುದು ಹಲವು ಸಾವಿರ ಹರ್ಟ್ಸ್‌ಗಳ ತೀಕ್ಷ್ಣ ‘ಛಳ್’. ಕೊನೆಯಲ್ಲಿ ಚೂರುಗಳು ನೆಲಕ್ಕೆ ಬೀಳುವ ಕಿಣಿಕಿಣಿ.

ಮೊದಲ ತಲೆಮಾರಿನ ಸೆನ್ಸರ್‌ಗಳು ‘ಛಳ್’ ಒಂದನ್ನೇ ಹಿಡಿಯುತ್ತಿದ್ದವು. ಸುಮಾರು ನಾಲ್ಕೈದು ಸಾವಿರ ಹರ್ಟ್ಸ್‌ನ ಜೋರಾದ ಸದ್ದು ಬಂದರೆ ಸಾಕು, ಗಂಟೆ. ಆದರೆ ಬೀಗದ ಕೈ ಗೊಂಚಲು ಮೇಜಿನ ಮೇಲೆ ಬಿದ್ದರೂ ಆ ಮಟ್ಟದ ಸದ್ದು ಬರುತ್ತದೆ. ಚಮಚ, ತಟ್ಟೆ, ಕಿರುಚುವ ಮಗು, ಬೊಗಳುವ ನಾಯಿಮರಿ ಎಲ್ಲವೂ ಅದೇ ವಲಯದಲ್ಲಿವೆ. ಯಂತ್ರಕ್ಕೆ ಕಿವಿಯಿತ್ತು, ವಿವೇಕವಿರಲಿಲ್ಲ.

ಮುಂದಿನ ತಲೆಮಾರು ಎರಡೂ ಸದ್ದುಗಳನ್ನು, ಅದೂ ಸರಿಯಾದ ಕ್ರಮದಲ್ಲಿ ಕೇಳಿತು. ಮೊದಲು ‘ಧಪ್’, ಸೆಕೆಂಡಿನ ಸಣ್ಣ ಭಾಗದೊಳಗೆ ‘ಛಳ್’. ಬೀಗದ ಕೈ ಬಿದ್ದರೆ ‘ಛಳ್’ ಇದೆ, ‘ಧಪ್’ ಇಲ್ಲ. ಬಾಗಿಲು ಬಡಿದರೆ ‘ಧಪ್’ ಇದೆ, ‘ಛಳ್’ ಇಲ್ಲ. ಎರಡೂ ಇದ್ದು ಕ್ರಮ ತಪ್ಪಿದರೆ ಅದೂ ಗಾಜಲ್ಲ. ಮೈಕ್ರೊಪ್ರೊಸೆಸರ್ ಅಗ್ಗವಾದ ಮೇಲೆ ಸದ್ದಿನ ಏರಿಳಿತ, ಅವಧಿ, ಹಲವು ಆವರ್ತನಗಳ ಪ್ರಮಾಣ ಎಲ್ಲವನ್ನೂ ಅಳೆದು ತೀರ್ಮಾನಿಸುವ ಸೆನ್ಸರ್‌ಗಳು ಬಂದವು. ಅವುಗಳನ್ನು ರೂಪಿಸುವವರ ಕೆಲಸವೇ ಬಗೆಬಗೆಯ ಗಾಜನ್ನು ನಿಜವಾಗಿ ಒಡೆದು ಸದ್ದು ದಾಖಲಿಸುವುದಾಯಿತು. ಸಾದಾ ಗಾಜು ದೊಡ್ಡ ಚೂರುಗಳಾಗಿ ಬೀಳುತ್ತದೆ. ಕಾಯಿಸಿ ತಟ್ಟನೆ ತಣಿಸಿದ ಟಫನ್ಡ್ ಗಾಜು ಕಲ್ಲುಸಕ್ಕರೆಯಂತೆ ಒಟ್ಟಿಗೆ ಉದುರುತ್ತದೆ. ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜು ಬಿರುಕು ಬಿಟ್ಟರೂ ಚೌಕಟ್ಟಿನಲ್ಲೇ ನಿಲ್ಲುತ್ತದೆ. ಮೂರರ ಸದ್ದೂ ಬೇರೆ ಬೇರೆ.

ಕೂಗಿ ಕೂಗಿ ಕೆಟ್ಟ ಹೆಸರು

ಇಷ್ಟು ಶ್ರಮ ಬೇಕಾಗಿತ್ತೇ? ಸಂಶಯ ಬಂದಾಗಲೆಲ್ಲ ಕೂಗಿಬಿಟ್ಟರೆ ಏನು ನಷ್ಟ? ನಷ್ಟ ಎಷ್ಟೆಂದು ಅಮೆರಿಕದ ಪೊಲೀಸರಿಗೆ ತಿಳಿಯಿತು. 20ನೇ ಶತಮಾನದ ಕೊನೆಯ ಹೊತ್ತಿಗೆ ಅವರಿಗೆ ಬರುತ್ತಿದ್ದ ಕಳ್ಳತನದ ಅಲಾರಂ ಕರೆಗಳಲ್ಲಿ ನೂರಕ್ಕೆ 94ರಿಂದ 98 ಸುಳ್ಳಾಗಿರುತ್ತಿದ್ದವು. ತೋಳ ಬಂತು ತೋಳ ಎಂದು ಕೂಗಿದ ಕುರಿಗಾಹಿಯ ಕಥೆ ನಗರ ನಗರದಲ್ಲಿ ಮರುಕಳಿಸಿತು. 2000ದಲ್ಲಿ ಸಾಲ್ಟ್ ಲೇಕ್ ಸಿಟಿ ಒಂದು ನಿಯಮ ತಂದಿತು: ಅಲಾರಂ ಬಾರಿಸಿತೆಂಬ ಮಾತ್ರಕ್ಕೆ ಪೊಲೀಸರು ಹೊರಡುವುದಿಲ್ಲ, ಯಾರಾದರೂ ಸ್ಥಳಕ್ಕೆ ಹೋಗಿ ನೋಡಿ, ನಿಜ ಎಂದು ಹೇಳಬೇಕು.

ಗಂಟೆ ಎರಡು ರೀತಿಯಲ್ಲಿ ಸಾಯಬಹುದು ಎಂಬುದು ಹೀಗೆ ಸ್ಪಷ್ಟವಾಯಿತು. ಕೂಗಬೇಕಾದಾಗ ಕೂಗದಿದ್ದರೆ ಒಂದು ಸಾವು. ಕೂಗಬಾರದಾಗ ಕೂಗಿ ಕೂಗಿ ಯಾರೂ ಕಿವಿಗೊಡದಂತಾದರೆ ಇನ್ನೊಂದು. ಎರಡನೆಯದೇ ಹೆಚ್ಚು ಸಾಮಾನ್ಯ. ಮೂರು ಸಲ ನಡುರಾತ್ರಿ ಸುಮ್ಮನೆ ಎಬ್ಬಿಸಿದ ಸೆನ್ಸರಿನ ಬ್ಯಾಟರಿಯನ್ನು ಮನೆಯವರೇ ಕಳಚಿಡುತ್ತಾರೆ.

ಇದರ ಜೊತೆ ಪೋಪ್ ಅವರ ಹಳೆಯ ದೋಷವೂ ಹೊಸ ವೇಷದಲ್ಲಿ ಮರಳಿತ್ತು. ಸೀಸದ ಪಟ್ಟಿ ಕ್ಷಣಕ್ಷಣವೂ ತಾನು ಇಡಿಯಾಗಿರುವುದನ್ನು ತಿಳಿಸುತ್ತಿತ್ತು. ಕಿವಿಗೊಟ್ಟು ಕೂತ ಡಬ್ಬಿ ಹಾಗಲ್ಲ. ಬ್ಯಾಟರಿ ಸರಿಯಿದೆ, ಸಂಪರ್ಕ ಸರಿಯಿದೆ ಎಂದು ಅದು ಹೇಳಬಲ್ಲದು. ಆ ಮೂಲೆಯ ಕಿಟಕಿ ಒಡೆದರೆ ತನಗೆ ನಿಜವಾಗಿ ಕೇಳಿಸುತ್ತದೆಯೇ ಎಂದು ಹೇಳಲಾರದು. ನಡುವೆ ಒಂದು ದಪ್ಪ ಪರದೆ ಬಂದಿರಬಹುದು, ಹೊಸ ಬೀರು ಬಂದಿರಬಹುದು. ಮೌನಕ್ಕೆ ಮತ್ತೆ ಎರಡು ಅರ್ಥ. ಅದನ್ನು ತಿಳಿಯಲು ಗಾಜನ್ನೇ ಒಡೆದು ನೋಡುವಂತಿಲ್ಲ. ಆದ್ದರಿಂದ ಒಡೆಯದೆ ಪರೀಕ್ಷಿಸುವ ಕ್ರಮವೊಂದು ಹುಟ್ಟಿತು.

ಒಡೆಯದೆ ಒಡೆದು ನೋಡುವುದು

ಆ ಕ್ರಮ ಸೆನ್ಸರನ್ನು ಗೋಡೆಗೆ ಕೂರಿಸುವಾಗಲೇ ಆರಂಭವಾಗುತ್ತದೆ. ಸಾಮಾನ್ಯ ಸೆನ್ಸರ್ ಸುಮಾರು 7.5 ಮೀಟರ್, ಅಂದರೆ 25 ಅಡಿ ದೂರದ ಗಾಜನ್ನು ಕೇಳಬಲ್ಲದು. ಡಬ್ಬಿಯಿಂದ ಗಾಜು ನೇರ ಕಾಣಬೇಕು. ಗಾಜಿನ ಎದುರು ಗೋಡೆ ಅಥವಾ ಚಾವಣಿ ಒಳ್ಳೆಯ ಜಾಗ. ಎಸಿಯ ಗಾಳಿ ಬೀಸುವ ಕಡೆ, ಸ್ಪೀಕರಿನ ಪಕ್ಕ, ಸದ್ದು ಮಾರ್ದನಿಸುವ ಬಚ್ಚಲು, ಪಾತ್ರೆ ಸದ್ದಿನ ಅಡುಗೆಮನೆ ಬೇಡ. ದಪ್ಪ ಪರದೆಯಿದ್ದರೆ ಅದು ಸದ್ದನ್ನು ಹೀರುತ್ತದೆ. ಆಗ ದೂರದ ಲೆಕ್ಕವನ್ನು ಕಡಿಮೆ ಮಾಡಬೇಕು, ಇಲ್ಲವೇ ಪರದೆಯ ಹಿಂದೆ, ಕಿಟಕಿಯ ಚೌಕಟ್ಟಿನ ಬಳಿಯೇ ಕೂರಿಸಬೇಕು. ಗಾಜು ಸಾದಾ, ಟಫನ್ಡ್, ಲ್ಯಾಮಿನೇಟೆಡ್ ಯಾವುದು, ಅದರ ಮೇಲೆ ಬಿಸಿಲಿನ ಫಿಲ್ಮ್ ಅಂಟಿಸಿದೆಯೇ ಎಂದು ನೋಡಿ, ಆ ಗಾಜಿಗೆ ಒಪ್ಪುವ ಸೆನ್ಸರನ್ನೇ ತರಬೇಕು.

ಪರೀಕ್ಷೆಗೆಂದೇ ಗಾಜು ಒಡೆದ ಸದ್ದನ್ನು ಅನುಕರಿಸುವ ಕೈಯಳತೆಯ ಸಿಮ್ಯುಲೇಟರ್ ಇದೆ. ಸೆನ್ಸರನ್ನು ಪರೀಕ್ಷಾ ಸ್ಥಿತಿಗೆ ತಂದು, ಪರದೆಗಳನ್ನು ಪೂರ್ತಿ ಎಳೆದು, ಸಿಮ್ಯುಲೇಟರನ್ನು ಗಾಜಿಗೂ ಪರದೆಗೂ ನಡುವೆ, ಸೆನ್ಸರಿನಿಂದ ಅತಿ ದೂರದ ಮೂಲೆಯಲ್ಲಿ ಹಿಡಿದು ಒತ್ತುತ್ತಾರೆ. ಸೆನ್ಸರಿನ ದೀಪ ಮಿನುಗಬೇಕು. ಪರದೆ ತೆರೆದು, ಹತ್ತಿರದಿಂದ ಮಾಡಿದ ಪರೀಕ್ಷೆಯಲ್ಲಿ ಎಲ್ಲ ಸೆನ್ಸರೂ ಪಾಸಾಗುತ್ತದೆ. ಆ ಪರೀಕ್ಷೆಗೆ ಬೆಲೆಯಿಲ್ಲ. ಎರಡು ಸದ್ದನ್ನೂ ಕೇಳುವ ಸೆನ್ಸರಿಗೆ ಇನ್ನೊಂದು ಹಂತವಿದೆ. ಮೃದುವಾದದ್ದನ್ನು ಹಿಡಿದ ಕೈಯಿಂದ, ಒಡೆಯದ ಹಾಗೆ ಗಾಜನ್ನು ತಟ್ಟಿ ‘ಧಪ್’ ಹುಟ್ಟಿಸುತ್ತಾರೆ. ಆ ತಟ್ಟನ್ನು ಗ್ರಹಿಸಿದ ಸಿಮ್ಯುಲೇಟರ್ ಬೆನ್ನಿಗೇ ‘ಛಳ್’ ಹೊಮ್ಮಿಸುತ್ತದೆ. ಸೆನ್ಸರ್ ಎರಡನ್ನೂ ಕೂಡಿಸಿ ಗಾಜು ಒಡೆಯಿತೆಂದು ತೀರ್ಮಾನಿಸಬೇಕು.

ಇದು ಅರ್ಧ ಪರೀಕ್ಷೆ. ಉಳಿದರ್ಧವನ್ನು ಹೆಚ್ಚಿನವರು ಮರೆಯುತ್ತಾರೆ. ಮನೆಯ ಸದ್ದುಗಳನ್ನೆಲ್ಲ ಮಾಡಿ, ಸೆನ್ಸರ್ ಸುಮ್ಮನಿರುತ್ತದೆಯೇ ಎಂದು ನೋಡಬೇಕು. ಟಿವಿ ಜೋರು ಮಾಡಬೇಕು, ಮಿಕ್ಸಿ ತಿರುಗಿಸಬೇಕು, ಕುಕ್ಕರ್ ಕೂಗಿಸಬೇಕು, ಬಾಗಿಲು ಬಡಿಯಬೇಕು, ಸ್ಟೀಲಿನ ತಟ್ಟೆಯೊಂದನ್ನು ಗ್ರಾನೈಟ್ ನೆಲಕ್ಕೆ ಬೀಳಿಸಬೇಕು. ಇವಕ್ಕೆಲ್ಲ ಸುಮ್ಮನಿದ್ದು ಗಾಜಿಗೆ ಮಾತ್ರ ಎಚ್ಚರಗೊಂಡರೆ ಅದು ನಂಬಬಹುದಾದ ಕಿವಿ. ಹೊಸ ಪರದೆ, ಹೊಸ ಸೋಫಾ ಬಂದಾಗಲೆಲ್ಲ, ಇಲ್ಲವಾದರೂ ವರ್ಷಕ್ಕೊಮ್ಮೆ, ಈ ಪರೀಕ್ಷೆ ಮತ್ತೆ ನಡೆಯಬೇಕು.

ಇಷ್ಟೆಲ್ಲ ಆದರೂ ಗಾಜಿನ ಸೆನ್ಸರ್ ಕಾಯುವುದು ಗಾಜನ್ನು ಮಾತ್ರ. ಜಾರುಬಾಗಿಲನ್ನು ಮೀಟಿ ಸರಿಸಿದವನ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಅದಕ್ಕೆ ಪೋಪ್ ಅವರ ಚೌಕಟ್ಟಿನ ಗಂಟೆಯ ವಂಶದ್ದೇ ಆದ ಅಯಸ್ಕಾಂತದ ಸೆನ್ಸರ್ ಬೇಕು. 1853ರ ದೋಷವನ್ನು ತುಂಬಲು ಬಂದ ಯಂತ್ರಕ್ಕೆ 1853ರ ಯಂತ್ರವೇ ಜೊತೆಗಾರ.

ಯಾರಿಗೆ ಕೇಳಬೇಕು

ಭಾರತದ ಮನೆಗಳಿಗೆ ಈ ಸೆನ್ಸರ್ ಬಹುಕಾಲ ಬೇಕಾಗಿರಲಿಲ್ಲ. ಕಿಟಕಿಗೆ ಸರಳಿತ್ತು; ಗಾಜು ಒಡೆದವನಿಗೆ ಕೈ ಹಾಕಲು ಜಾಗ ಸಿಗುತ್ತಿತ್ತೇ ಹೊರತು ಮೈ ತೂರಿಸಲು ಅಲ್ಲ. ಆದರೆ ಗಾಜು ಇಲ್ಲೂ ದೊಡ್ಡದಾಯಿತು. 2000ದಲ್ಲಿ ಸೇಂಟ್ ಗೋಬೇನ್ ಕಂಪನಿ ಚೆನ್ನೈ ಸಮೀಪದ ಶ್ರೀಪೆರಂಬುದೂರಿನಲ್ಲಿ ಫ್ಲೋಟ್ ಗಾಜಿನ ಕಾರ್ಖಾನೆ ಆರಂಭಿಸಿತು. ನಗರ ನಗರಗಳಲ್ಲಿ ಬಾಲ್ಕನಿಗೆ ಗೋಡೆಯಗಲದ ಜಾರುಬಾಗಿಲು, ಸರಳಿಲ್ಲದ ಕಿಟಕಿ ಬಂದವು. ನೆಲಮಹಡಿಯ ಫ್ಲ್ಯಾಟು, ವಿಲ್ಲಾ, ತಾರಸಿಗೆ ತೆರೆದುಕೊಳ್ಳುವ ಮೇಲಿನ ಮನೆಗಳಲ್ಲಿ ಬಾಸ್ಟನ್ನಿನ ಹಳೆಯ ಪ್ರಶ್ನೆ ಈಗ ಪುಣೆ, ಹೈದರಾಬಾದ್, ಗುರುಗ್ರಾಮದ ಪ್ರಶ್ನೆ.

ಬೇಸಿಗೆ ರಜೆಗೆ ಊರಿಗೆ ಹೊರಟ ಮನೆಯವರು ಹಿಂದೆ ಬೀಗದ ಕೈಯನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು, ಸ್ವಲ್ಪ ನೋಡ್ಕೊಳ್ಳಿ ಎಂದು ಹೇಳಿ ಹೋಗುತ್ತಿದ್ದರು. ವಠಾರದಲ್ಲಿ ಲೋಟ ಬಿದ್ದರೂ ನಾಲ್ಕು ಮನೆಗೆ ಕೇಳುತ್ತಿತ್ತು. ಈಗ ಪುಣೆಯ ಫ್ಲ್ಯಾಟಿನ ಗಾಜು ಒಡೆದರೆ ಧಾರವಾಡದಲ್ಲಿರುವ ಫೋನು ಕಂಪಿಸುತ್ತದೆ. ಕಿವಿ ಬಹಳ ದೂರಕ್ಕೆ ಚಾಚಿದೆ. ಆದರೆ ಆ ಫೋನು ಹಿಡಿದವರು ಮಾಡಬಹುದಾದ ಮೊದಲ ಕೆಲಸವೆಂದರೆ ಪಕ್ಕದ ಮನೆಯವರಿಗೋ ಗೇಟಿನ ವಾಚ್‌ಮನ್‌ಗೋ ಕರೆ ಮಾಡುವುದು. ಸಾಲ್ಟ್ ಲೇಕ್ ಸಿಟಿಯ ನಿಯಮ ಕೇಳಿದ್ದೂ ಅದನ್ನೇ: ಯಾರಾದರೂ ಹೋಗಿ ನೋಡಲಿ.

ಆದ್ದರಿಂದ ಪರೀಕ್ಷೆಯ ಕೊನೆಯ ಹಂತ ಸೆನ್ಸರಿನ ದೀಪದಲ್ಲಿ ಮುಗಿಯುವುದಿಲ್ಲ. ಸಿಮ್ಯುಲೇಟರ್ ಒತ್ತಿದಾಗ ಸೈರನ್ ಕೂಗಿತೇ, ಫೋನಿಗೆ ಸುದ್ದಿ ಬಂತೇ, ಆ ಸೈರನ್ ಏನೆಂದು ಎದುರು ಮನೆಯವರಿಗೆ ಗೊತ್ತಿದೆಯೇ, ಗೇಟಿನಲ್ಲಿ ಕೂತವರು ಕೇಳಿ ಮೇಲೆ ಬರುತ್ತಾರೆಯೇ ಎಂಬಲ್ಲಿ ಮುಗಿಯುತ್ತದೆ. ಚಾರುದತ್ತನ ಮನೆಯಲ್ಲಿ ಕಳ್ಳ ಬಾಗಿಲಿನ ಬಾಯಿ ಮುಚ್ಚಿಸಿದ. ಆದರೂ ಕೊನೆಗೆ ಕೂಗಿ ಎಬ್ಬಿಸಿದ್ದು ಮನೆಕೆಲಸದ ರದನಿಕೆ. ಪೋಪ್ ಅವರ ಗಂಟೆಯಿಂದ ಇಂದಿನ ಪುಟ್ಟ ಡಬ್ಬಿಯವರೆಗೆ ಬದಲಾದದ್ದು ಕೇಳಿಸಿಕೊಳ್ಳುವ ಬಗೆ. ಕೇಳಿಸಿಕೊಂಡ ಮೇಲೆ ಎದ್ದು ಬರುವವರು ಒಬ್ಬರು ಬೇಕು ಎಂಬುದು ಬದಲಾಗಿಲ್ಲ.